ಮೊಳೆ ಜೋಡಿಸುತ್ತಿದ್ದ ನಮ್ಮಪ್ಪ

ಚಿಕ್ಕ ವಯಸ್ಸಿನಲ್ಲಿ ತೀರಿಹೋದ ತಂದೆಯ ಮಾತು ಬಂದರೆ ನಮ್ಮ ಕಡೆಯ ಮಂದಿ ಮೊದಲು ಹೇಳುವುದು “ಇರಬೇಕಾಗಿತ್ತು” ಎಂದು. ಮಗಳ ಲಗ್ನಕ್ಕೆ ಇರಬೇಕಾಗಿತ್ತು, ಮಗನಿಗೆ ನೌಕರಿ ಹತ್ತಿದಾಗ ಇರಬೇಕಾಗಿತ್ತು, ಮೊಮ್ಮಕ್ಕಳನ್ನು ಎತ್ತಿ ಆಡಿಸಬೇಕಾಗಿತ್ತು. ಪ್ರೀತಿಯಿಂದ ಆಡುವ ಮಾತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದನ್ನೇ ಕೇಳುತ್ತ ಬೆಳೆದ ನನಗೆ, ಅಪ್ಪ ಬಾಳಿದ ಬದುಕಿಗಿಂತ ಬಾಳದೆ ಉಳಿದ ಬದುಕೇ ದೊಡ್ಡದಾಗಿಬಿಟ್ಟಿದೆ ಎಂಬ ಸಂಕಟ ಬಹಳ ಕಾಲದಿಂದ ಇದೆ. 1996ರ ಏಪ್ರಿಲ್‌ನಲ್ಲಿ ಅವರು ಹೋದಾಗ ಅವರಿಗೆ 42 ವರ್ಷ. ಆ 42 ವರ್ಷಗಳಲ್ಲಿ ಅವರು ಯಾವುದರಲ್ಲಿ ನುರಿತವರಾಗಿದ್ದರು, ಯಾವುದನ್ನು ಪ್ರೀತಿಸುತ್ತಿದ್ದರು, ಕೊನೆಗೆ ಯಾವ ಕಾಯಿಲೆಯಿಂದ ಹೋದರು ಎಂಬುದನ್ನು ಸರಿಯಾಗಿ ಹೇಳುವುದು ಮಕ್ಕಳಾದ ನಮ್ಮ ಹೊಣೆಯೆಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ಗದಗ ಊರಿಗೆ ಮುದ್ರಣದಲ್ಲಿ ಹಳೆಯ ಹೆಸರಿದೆ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಶಾಲೆಯ ಹಾಜರಿ ಪುಸ್ತಕ, ಜಾತ್ರೆಯ ಕರಪತ್ರ ಏನೇ ಬೇಕಾದರೂ ಸುತ್ತಲಿನ ಹಳ್ಳಿಗಳವರು ಇಲ್ಲಿಗೇ ಬರುತ್ತಿದ್ದರು. ಅಂಥದೊಂದು ಪ್ರೆಸ್ಸಿನಲ್ಲಿ ಅಪ್ಪ ಕಂಪೋಸಿಟರ್, ಅಂದರೆ ಅಚ್ಚಿಗೆ ಅಕ್ಷರ ಜೋಡಿಸುವವರು, ಆಗಿದ್ದರು. ಎಡಗೈಯಲ್ಲಿ ಸಾಲು ಜೋಡಿಸುವ ಪುಟ್ಟ ತಟ್ಟೆಯಂಥ ಸ್ಟಿಕ್ ಹಿಡಿದು, ಮುಂದಿನ ಕೇಸಿನ, ಅಂದರೆ ಅಕ್ಷರದ ಪೆಟ್ಟಿಗೆಯ, ಖಾನೆಗಳಿಂದ ಒಂದೊಂದೇ ಮೊಳೆಯನ್ನು (ಲೋಹದ ಅಚ್ಚಕ್ಷರವನ್ನು) ಬಲಗೈಯಿಂದ ಎತ್ತಿ, ಅಕ್ಷರಗಳನ್ನು ತಲೆಕೆಳಗಾಗಿ ಜೋಡಿಸುತ್ತ ಹೋಗುವ ಕೆಲಸ ಅದು. ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲವೂ ಸೇರಿ ಕನ್ನಡದ ಕೇಸಿನಲ್ಲಿ ಖಾನೆಗಳು ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು, ಹಾಗಾಗಿ ಯಾವ ಅಕ್ಷರ ಎಲ್ಲಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಿರಬೇಕು. ಸಾಲು ತುಂಬಿದ ಮೇಲೆ ನಡುವೆ ತೆಳ್ಳನೆಯ ಸೀಸದ ತುಂಡುಗಳನ್ನು ಸೇರಿಸಿ ಬಿಗಿ ಮಾಡಬೇಕು, ಸಡಿಲ ಉಳಿದರೆ ಟ್ರೆಡಲ್ ಎಂಬ ಅಚ್ಚಿನ ಮಷೀನು ಓಡುವಾಗ ಮೊಳೆ ಜಾರುತ್ತದೆ. ಅಚ್ಚು ಮುಗಿಯಿತೆಂದರೆ ಕೆಲಸ ಮುಗಿಯಲಿಲ್ಲ. ಜೋಡಿಸಿದ್ದನ್ನೆಲ್ಲ ಬಿಚ್ಚಿ ಪ್ರತಿ ಮೊಳೆಯನ್ನೂ ಅದರದರ ಖಾನೆಗೆ ಮರಳಿ ಹಾಕಬೇಕು. ಅಪ್ಪ ಈ ಕೊನೆಯ ಕೆಲಸವನ್ನೇ ಬಹಳ ಇಷ್ಟಪಟ್ಟು ಮಾಡುತ್ತಿದ್ದರೆಂದು ಅವ್ವ ಈಗಲೂ ಹೇಳುತ್ತಾಳೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಅವರಿಗೆ ಕಾಗುಣಿತದ ವಿಷಯದಲ್ಲಿ ಮಾಸ್ತರರು ಕೂಡ ಎದುರಾಡುತ್ತಿರಲಿಲ್ಲ.

ಲಗ್ನದ ಹಂಗಾಮಿನಲ್ಲಿ ಅವರು ರಾತ್ರಿ ತಡವಾಗಿ ಮನೆಗೆ ಬರುತ್ತಿದ್ದರು. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಲಗ್ನಪತ್ರಿಕೆಯೊಂದರಲ್ಲಿ ಹುಡುಗಿಯ ಅಜ್ಜಿಯ ಹೆಸರು ಕೈಬರಹದಲ್ಲಿ ಅಳಿಸಿಹೋಗಿತ್ತೆಂದು, ಊಟಕ್ಕೆ ಕೂತವರು ಎದ್ದು ಸೈಕಲ್ ಹತ್ತಿ ಬೆಟಗೇರಿಗೆ ಹೋಗಿ ಕೇಳಿಕೊಂಡು ಬಂದರು. ನಾಳೆ ಕೇಳಬಹುದಿತ್ತಲ್ಲ ಎಂದು ನಾನು ಅಂದೆ. “ತಂಗೀ, ಮುಂಜಾನೆ ಮಷೀನಿಗೆ ಏರತೈತಿ. ಹೆಸರು ತಪ್ಪಿತಂದ್ರ ಆ ಹಿರ್ಯಾಳ ಮನಸಿಗೆ ಬ್ಯಾಸರ ಆಗತೈತಿ” ಎಂದರು. ನಾನು ಅಪ್ಪನನ್ನು ಅಳೆಯುವುದು ಈ ಮಾತಿನಿಂದಲೇ.

ಮನೆಯಲ್ಲಿ ಅವರು ಹೆಚ್ಚು ಮಾತಿನವರಲ್ಲ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಮಾಲೀಕರನ್ನು ಕೇಳಿ ತರುತ್ತಿದ್ದರು. ರವಿವಾರ ಮಧ್ಯಾಹ್ನ ಅಂಗಳದಲ್ಲಿ ಕೂತು, ಅವುಗಳನ್ನು ಅಳತೆಗೆ ಮಡಚಿ, ದಬ್ಬಣದಿಂದ ಮೂರು ತೂತು ಹಾಕಿ, ದಾರ ಪೋಣಿಸಿ, ಹೊರಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಹಾಳೆಯ ರಟ್ಟು ಅಂಟಿಸಿ ನನಗೂ ತಮ್ಮನಿಗೂ ನೋಟುಬುಕ್ಕು ಹೊಲಿದು ಕೊಡುತ್ತಿದ್ದರು. ಪುಟಗಳು ಒಂದೇ ಬಣ್ಣದವಾಗಿರುತ್ತಿರಲಿಲ್ಲ. ಬಿಳಿಯ ನಡುವೆ ಗುಲಾಬಿ, ಗುಲಾಬಿಯ ನಡುವೆ ತಿಳಿಹಳದಿ. ಗಣಿತಕ್ಕೆ ಬಿಳಿ, ಕನ್ನಡಕ್ಕೆ ಬಣ್ಣದ್ದು ಎಂದು ನಾವೇ ಹಂಚಿಕೊಳ್ಳುತ್ತಿದ್ದೆವು. ತೋಂಟದಾರ್ಯ ಜಾತ್ರೆಗೆ, ವೀರೇಶ್ವರ ಪುಣ್ಯಾಶ್ರಮದ ಸಂಗೀತಕ್ಕೆ ಇಬ್ಬರನ್ನೂ ಒಂದೇ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು.

ಇನ್ನು ಸಾವಿನ ಮಾತು. “ದೇವರು ಕರಕೊಂಡ” ಎಂಬಲ್ಲಿಗೆ ನಮ್ಮ ಮನೆಗಳಲ್ಲಿ ಈ ಮಾತು ನಿಂತುಹೋಗುತ್ತದೆ, ಅದು ಸರಿಯಲ್ಲವೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ಅಪ್ಪನಿಗೆ ಹಿಂದಿನ ರಾತ್ರಿಯಿಂದಲೇ ಎದೆ ಹಿಡಿದುಕೊಂಡಿತ್ತು, ಎಡದ ರಟ್ಟೆ ಸೆಳೆಯುತ್ತಿತ್ತು, ಮೈಯೆಲ್ಲ ಬೆವರು. ಗ್ಯಾಸ್ ಆಗಿರಬೇಕೆಂದು ಅವ್ವ ಅಜವಾನ ಕುಟ್ಟಿ ಬಿಸಿನೀರಿನಲ್ಲಿ ಕೊಟ್ಟಳು, ಓಣಿಯ ಹಿರಿಯರು ಸೋಡಾ ತರಿಸಿದರು. ಆ ಕಾಲದಲ್ಲಿ ಆ ಓಣಿಯ ಯಾವ ಮನೆಯಲ್ಲಾದರೂ ಇದನ್ನೇ ಮಾಡುತ್ತಿದ್ದರು, ಅವ್ವನ ಮೇಲೆ ಮಾತು ಹೊರಿಸಿದ ಬಂಧುಗಳನ್ನು ನಾನು ಒಪ್ಪಲಾರೆ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗಿನ್ನೂ ಅದು ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ದೊಡ್ಡ ಕಾಯಿಲೆಯೆಂದರೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೇ ಓಡಬೇಕು. ಬೆಳಗ್ಗೆ ಬಾಡಿಗೆ ಗಾಡಿ ಸಿಕ್ಕು ಹೊರಟು, ಅಣ್ಣಿಗೇರಿ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಪ್ಪನಿಗೆ ಆದದ್ದು ಹೃದಯಾಘಾತ. ಅದರಲ್ಲಿ ರಕ್ತನಾಳಕ್ಕೆ ಅಡ್ಡ ಬಂದ ಹೆಪ್ಪನ್ನು ಬೇಗ ಕರಗಿಸಿದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ, ಮೊದಲ ಗಂಟೆಯ ಬೆಲೆ ಎಲ್ಲಕ್ಕಿಂತ ಹೆಚ್ಚು. ನಮ್ಮಪ್ಪ ಕಳೆದುಕೊಂಡದ್ದು ಇಡೀ ರಾತ್ರಿ. 2021ರಲ್ಲಿ 46ರ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡಿಗೆ ನಾಡೇ ಬೆಚ್ಚಿಬಿತ್ತು. ಅವರ ಹೆಸರಿನಲ್ಲಿ 2023ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದ್ರೋಗ ತಜ್ಞರಿಗೆ ಕಳಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಈ ಯೋಜನೆ ಓಣಿ ಓಣಿಗೂ ಗೊತ್ತಾಗಬೇಕೆಂಬುದು ನನ್ನ ಹಂಬಲ. ಎದೆನೋವಿನ ಜೊತೆ ಬೆವರು, ರಟ್ಟೆ ಅಥವಾ ದವಡೆಯ ಸೆಳೆತ ಇದ್ದರೆ ಅಜವಾನಕ್ಕೆ ಮೊದಲು 108ಕ್ಕೆ ಫೋನ್ ಹೋಗಬೇಕು.

ಇನ್ನೊಂದು ಮಾತು. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷಕ್ಕೆ ಮುಂಚೆ ಹೃದಯರೋಗ ಬಂದಿದ್ದರೆ ಅದನ್ನು ವೈದ್ಯರು ಮಕ್ಕಳ ಪಾಲಿನ ಅಪಾಯವೆಂದೇ ಲೆಕ್ಕ ಹಿಡಿಯುತ್ತಾರೆ. ನನ್ನ ತಮ್ಮ ಮೂವತ್ತಕ್ಕೇ ರಕ್ತ ಪರೀಕ್ಷೆ ಮಾಡಿಸಿದ, ಕೊಲೆಸ್ಟ್ರಾಲ್ ಹೆಚ್ಚಿತ್ತು, ಅಂದಿನಿಂದ ಮಾತ್ರೆಯಲ್ಲಿದ್ದಾನೆ. ಅಪ್ಪ ಯಾವುದರಿಂದ ಹೋದರೆಂದು ನಮಗೆ ತಿಳಿದಿದ್ದರಿಂದ ಇದು ಸಾಧ್ಯವಾಯಿತು. ಸೀಸದ ಮಾತನ್ನೂ ಹೇಳಬೇಕು. ಅಚ್ಚಿನ ಮೊಳೆ ಸೀಸ, ಆಂಟಿಮನಿ, ತವರಗಳ ಮಿಶ್ರಲೋಹ. ಸೀಸ ವರ್ಷಗಟ್ಟಲೆ ಮೈಗೆ ಸೇರಿದರೆ ರಕ್ತದೊತ್ತಡ ಏರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅಪ್ಪನ ಸಾವಿಗೆ ಅದೇ ಕಾರಣವೆಂದು ನಾನು ಹೇಳಲಾರೆ. ಆದರೆ ಈ ಊರಿನಲ್ಲಿ ಅಕ್ಷರ ಜೋಡಿಸಿದ ಒಂದು ತಲೆಮಾರಿನ ಆರೋಗ್ಯವನ್ನು ಯಾರಾದರೂ ವಿಚಾರಿಸಬೇಕಾಗಿತ್ತು.

ಅವ್ವ ಆಮೇಲೆ ಬೈಂಡಿಂಗ್ ಕೆಲಸಕ್ಕೆ ಹೋಗಿ ನಮ್ಮಿಬ್ಬರನ್ನೂ ಓದಿಸಿದಳು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ, ಇದರ ಬಾಲವಾಗಿ ಸೇರಿಸುವಂಥದ್ದಲ್ಲ.

ಎಂಬತ್ತು ತೊಂಬತ್ತರ ದಶಕಗಳಲ್ಲಿ ಗದಗಿನ ಪ್ರೆಸ್ಸುಗಳಲ್ಲಿ ದುಡಿದವರು, ಅಥವಾ ಅವರ ಮಕ್ಕಳು ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಕೇಸಿನ ಖಾನೆಗಳ ಜೋಡಣೆ ಹೇಗಿತ್ತು, ಒಂದು ಪುಟಕ್ಕೆ ಎಷ್ಟು ಕೂಲಿ ಸಿಗುತ್ತಿತ್ತು, ಊಟದ ಹೊತ್ತಿನಲ್ಲಿ ಏನು ಮಾತಾಡುತ್ತಿದ್ದರು ಎಂಬುದು ನನಗೆ ಬೇಕು. ಅಪ್ಪನ ದಿನದ ಹೆಚ್ಚಿನ ಪಾಲು ಕಳೆದದ್ದು ಅಲ್ಲಿಯೇ, ಆ ಪಾಲು ನಿಮ್ಮ ಹತ್ತಿರ ಇದೆ.