ಮರುದಿನದ ಸ್ಕ್ಯಾನ್ ಸಾಲದು
‘ಹುಟ್ಟಿದ ಮರುದಿನದ ಸ್ಕ್ಯಾನ್‌ನಲ್ಲಿ ಕಿಡ್ನಿ ಸರಿಯಿದ್ದರೆ ಮತ್ತೆ ನೋಡಬೇಕಿಲ್ಲ’ ಎಂಬ ಲೇಖನದ ಮಾತನ್ನು ಒಪ್ಪಲಾಗದು. ಮೊದಲ 48 ಗಂಟೆ ಮಗುವಿಗೆ ಮೂತ್ರ ಉತ್ಪತ್ತಿಯೇ ಕಡಿಮೆ. ಗರ್ಭದಲ್ಲಿ ಹಿಗ್ಗಿ ಕಂಡಿದ್ದ ಕಿಡ್ನಿಯೂ ಆಗ ಸಹಜವಾಗಿ ಕಾಣಬಹುದು. ಅಂಥ ಮಗುವಿಗೆ ಮೊದಲ ವಾರದ ಕೊನೆಗೆ ಒಮ್ಮೆ, 4–6 ವಾರಕ್ಕೆ ಇನ್ನೊಮ್ಮೆ ಸ್ಕ್ಯಾನ್ ಆಗಲೇಬೇಕು. ಗಂಡುಮಗುವಿನ ಎರಡೂ ಕಿಡ್ನಿ ಹಿಗ್ಗಿ, ಮೂತ್ರಕೋಶದ ಗೋಡೆಯೂ ದಪ್ಪಗಿದ್ದರೆ ಮಾತ್ರ ಕಾಯುವಂತೆಯೇ ಇಲ್ಲ. ಮೂತ್ರ ಹೊರಬರುವ ನಾಳದಲ್ಲಿ ಪೊರೆಯ ಕವಾಟ ಅಡ್ಡವಾಗಿರಬಹುದು, ತಕ್ಷಣ ನೋಡಬೇಕು. ಕಿಡ್ನಿ ಎಷ್ಟು ಹಿಗ್ಗಿದೆ ಎಂಬ ಅಳತೆಯನ್ನು ಮೂತ್ರಕೋಶ ತುಂಬಿದಾಗಲೂ ಖಾಲಿಯಾದ ಮೇಲೂ ತೆಗೆಯಿರಿ. ತುಂಬಿದ ಮೂತ್ರಕೋಶವೊಂದೇ ಕಿಡ್ನಿಯ ಪೆಲ್ವಿಸ್ (ಕಿಡ್ನಿಯಲ್ಲಿ ಮೂತ್ರ ಬಂದು ಸೇರುವ ಭಾಗ) ಹಿಗ್ಗಿದಂತೆ ತೋರಿಸಬಲ್ಲದು. ಇನ್ನು ರಿಫ್ಲಕ್ಸ್, ಅಂದರೆ ಮೂತ್ರ ಮೇಲಕ್ಕೆ ಹಿಮ್ಮರಳುವುದು, ಸ್ಕ್ಯಾನ್ ಪೂರ್ತಿ ಸರಿಯಿದ್ದರೂ ಇರಬಹುದು. ಜ್ವರದ ಜೊತೆ ಮೂತ್ರದ ಸೋಂಕು ಮರುಕಳಿಸಿದರೆ ಎಂಸಿಯು (ಮೂತ್ರಕೋಶಕ್ಕೆ ಬಣ್ಣದ ದ್ರವ ತುಂಬಿಸಿ, ಮಗು ಮೂತ್ರ ಮಾಡುವಾಗ ತೆಗೆಯುವ) ಎಕ್ಸ್‌ರೇ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.