‘ಬಂಕ್ ಸಿಕ್ತು ಅಂದ್ರೆ ದಾಟಿ ಬಂದ್ರಿ ಅಂತ ಲೆಕ್ಕ’

ಬೆಂಗಳೂರಿನ ಯಾವುದಾದರೂ ಬೀಡಾ ಅಂಗಡಿಯಲ್ಲಿ ದಾರಿ ಕೇಳಿ ನೋಡಿ. “ಹಿಂಗೇ ನೇರ ಹೋಗಿ, ಗಣೇಶನ ಗುಡಿ ಸಿಗುತ್ತೆ, ಅಲ್ಲಿ ಲೆಫ್ಟ್ ತಗೊಳ್ಳಿ. ಪೆಟ್ರೋಲ್ ಬಂಕ್ ಸಿಕ್ತು ಅಂದ್ರೆ ದಾಟಿ ಬಂದ್ರಿ ಅಂತ ಲೆಕ್ಕ.” ಈ ಕೊನೆಯ ವಾಕ್ಯದ ಮೇಲೆ ನನಗೆ ವಿಪರೀತ ಗೌರವ. ಎಲ್ಲಿ ತಿರುಗಬೇಕು ಅನ್ನುವುದನ್ನು ಯಾರು ಬೇಕಾದರೂ ಹೇಳಿಯಾರು. ತಿರುಗುವುದು ತಪ್ಪಿದರೆ ಅದು ನಿಮಗೇ ಗೊತ್ತಾಗುವುದು ಹೇಗೆ ಅನ್ನುವುದನ್ನೂ ಸೇರಿಸಿ ಹೇಳಬೇಕಾದರೆ, ಹೇಳುವವನು ಒಂದು ಗಳಿಗೆ ನಿಮ್ಮ ಕಣ್ಣಿನಿಂದ ಆ ರಸ್ತೆಯನ್ನು ನೋಡಿರಬೇಕು. ಫೋನಿನ ಮ್ಯಾಪಿಗೆ ಈ ವಾಕ್ಯ ಬೇಕಾಗುವುದೇ ಇಲ್ಲ. ನೀವು ತಪ್ಪಿದಿರೋ, ಅದು ಸದ್ದಿಲ್ಲದೆ ಇನ್ನೊಂದು ದಾರಿ ಹೊಸೆದು ಕೊಡುತ್ತದೆ. ತಪ್ಪಿದ್ದು ನಿಮ್ಮ ಅರಿವಿಗೇ ಬಾರದೆ ಪ್ರಯಾಣ ಮುಗಿಯುತ್ತದೆ.

ಕೈಯಲ್ಲಿರುವ ಯಂತ್ರ ತಲೆಯನ್ನು ಚುರುಕು ಮಾಡುತ್ತದೋ ಮಂಕು ಮಾಡುತ್ತದೋ ಎಂಬ ಚರ್ಚೆ ಬಂದಾಗಲೆಲ್ಲ ಲಂಡನ್ನಿನಲ್ಲಿ ಕೂತ ನನಗೆ ನೆನಪಾಗುವುದು ಇಲ್ಲಿನ ಕರಿ ಟ್ಯಾಕ್ಸಿಯವರು. ಆ ಟ್ಯಾಕ್ಸಿ ಓಡಿಸಲು ‘ನಾಲೆಡ್ಜ್’ ಎಂಬ ಪರೀಕ್ಷೆ ದಾಟಬೇಕು. 1865ರಿಂದ ನಡೆದು ಬಂದ ಪದ್ಧತಿ. ಚೇರಿಂಗ್ ಕ್ರಾಸ್ ಅನ್ನು ನಡುಬಿಂದುವಾಗಿಟ್ಟು ಎಲ್ಲ ದಿಕ್ಕಿಗೂ ಆರು ಮೈಲಿಯೊಳಗೆ ಬರುವ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು. ‘ಬ್ಲೂ ಬುಕ್’ ಎಂಬ ಪಟ್ಟಿಯಲ್ಲಿ 320 ದಾರಿಗಳಿವೆ; ಒಂದೊಂದಕ್ಕೂ ‘ರನ್’ ಎಂದು ಹೆಸರು. ರನ್ನಿನ ಎರಡೂ ತುದಿಯ ಸುತ್ತ ಕಾಲು ಮೈಲಿಯೊಳಗಿರುವ ಆಸ್ಪತ್ರೆ, ನಾಟಕಶಾಲೆ, ಠಾಣೆ, ರಾಯಭಾರ ಕಚೇರಿ, ಪಬ್ಬು, ಪ್ರತಿಮೆ ಎಲ್ಲವೂ ಕಲಿಯಬೇಕಾದ ‘ಪಾಯಿಂಟ್’ಗಳೇ.

ಕಲಿಯುವವರು ಮೊಪೆಡ್ ಹ್ಯಾಂಡಲ್ಲಿಗೆ ಒಂದು ರಟ್ಟು ಸಿಕ್ಕಿಸಿಕೊಂಡು, ಅದರ ಮೇಲೆ ಅಂದಿನ ರನ್ ಬರೆದುಕೊಂಡು ಬೀದಿ ಸುತ್ತುತ್ತಾರೆ. ಮಳೆಯಿದ್ದರೂ ಬಿಡುವುದಿಲ್ಲ. ಸಂಜೆ ಜೊತೆಗಾರನ ಮುಂದೆ ಕೂತು ಒಪ್ಪಿಸುತ್ತಾರೆ. ನಮ್ಮಲ್ಲಿ ಮಗ್ಗಿ ಒಪ್ಪಿಸಿದ ಹಾಗೆಯೇ. ಮೊದಲ ರನ್ ಮ್ಯಾನರ್ ಹೌಸ್ ಸ್ಟೇಷನ್ನಿನಿಂದ ಗಿಬ್ಸನ್ ಸ್ಕ್ವೇರ್‌ಗೆ. ಗ್ರೀನ್ ಲೇನ್ಸ್ ಹಿಡಿದು ಹೊರಡು, ಬಲಕ್ಕೆ ಬ್ರೌನ್ಸ್‌ವುಡ್ ರೋಡ್, ಎಡಕ್ಕೆ ಬ್ಲ್ಯಾಕ್‌ಸ್ಟಾಕ್ ರೋಡ್, ನೇರ ಹೈಬರಿ ಪಾರ್ಕ್… ಹೀಗೆ ಸಾಗುತ್ತದೆ ಆ ರಾಗ. ಎದುರಾಎದುರು ಕೂತು ಕೊಡುವ ಮೌಖಿಕ ಪರೀಕ್ಷೆ ಮೊದಲ ಹಂತದಲ್ಲಿ 56 ದಿನಕ್ಕೊಮ್ಮೆ, ಮುಂದೆ 28 ದಿನಕ್ಕೊಮ್ಮೆ, ಕೊನೆಗೆ 21 ದಿನಕ್ಕೊಮ್ಮೆ. ಒಂದು ಹಂತ ದಾಟಲು 12 ಅಂಕ ಬೇಕು. ‘ಎ’ಗೆ 6, ‘ಬಿ’ಗೆ 4, ‘ಸಿ’ಗೆ 3, ‘ಡಿ’ಗೆ ಸೊನ್ನೆ. ಸೂಟು ತೊಟ್ಟು ಹೋಗಿ ಪರೀಕ್ಷಕರಿಗೆ ‘ಸರ್’, ‘ಮೇಡಂ’ ಎನ್ನುತ್ತ ಕೂರಬೇಕು. ಇದೆಲ್ಲ ಮುಗಿಯಲು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಿಡಿಯುತ್ತದೆ.

ಫೋನು ಹೇಳುವುದೂ ‘ಎಡಕ್ಕೆ, ಬಲಕ್ಕೆ’ ಎಂಬ ಸರಮಾಲೆಯನ್ನೇ ಅಲ್ಲವೇ, ಇದೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ಪರೀಕ್ಷಕರು ಪುಸ್ತಕದಲ್ಲಿರುವ ದಾರಿಯನ್ನು ಹಾಗೆಹಾಗೇ ಕೇಳುವುದಿಲ್ಲ, ಹೆಚ್ಚುಗಾರಿಕೆ ಇರುವುದು ಅಲ್ಲಿ. ಯಾವುದೋ ಎರಡು ಪಾಯಿಂಟ್ ಹೇಳುತ್ತಾರೆ. 320 ರನ್ನುಗಳನ್ನು ಮುರಿದು, ತುಂಡುಗಳನ್ನು ಜೋಡಿಸಿ ಆಗಿಂದಾಗಲೇ ಹೊಸ ದಾರಿ ಕಟ್ಟಬೇಕು. ಇದಕ್ಕಾಗಿ ಮನೆಯಲ್ಲಿ ದೊಡ್ಡ ನಕಾಶೆಯ ಮೇಲೆ ಎರಡು ಪಾಯಿಂಟಿನ ನಡುವೆ ನೂಲು ಎಳೆದು ಹಿಡಿದು ಅಭ್ಯಾಸ ಮಾಡುತ್ತಾರೆ. ನೂಲಿಗೆ ಹತ್ತಿರವಾದ ಬೀದಿಗಳೇ ಸರಿಯಾದ ಬೀದಿಗಳು. ನೂಲು ಥೇಮ್ಸ್ ನದಿಯನ್ನು ಎಲ್ಲಿ ದಾಟುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು: ಯಾವ ಸೇತುವೆ? ಆಮೇಲೆ ಹೆದ್ದಾರಿ, ಆಮೇಲೆ ಕೊನೆಯ ಕಾಲು ಮೈಲಿಯ ಸಂದುಗೊಂದು, ಕಟ್ಟಕಡೆಗೆ ಪ್ರಯಾಣಿಕನನ್ನು ರಸ್ತೆಯ ಯಾವ ಪಕ್ಕ ಇಳಿಸುವುದು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಈ ಕ್ರಮವೇ ಯೋಚನೆ. ಫೋನು ತೆಗೆದುಕೊಂಡು ಹೋಗುವುದು ಇದನ್ನು. ತಿರುವುಗಳನ್ನು ಹೇಗೂ ಮರೆಯುತ್ತೇವೆ, ಅದೇನು ದೊಡ್ಡ ನಷ್ಟವಲ್ಲ.

ಮಿದುಳಿನ ಮಾತಿಗೆ ಬಂದರೆ, ಲಂಡನ್ನಿನ ನರವಿಜ್ಞಾನಿ ಎಲಿನರ್ ಮಗ್ವಾಯರ್ ಅವರ ತಂಡ 2000ದಲ್ಲಿ 16 ಟ್ಯಾಕ್ಸಿ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿತು. ಜಾಗದ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಅವರಲ್ಲಿ ಉಳಿದವರಿಗಿಂತ ದೊಡ್ಡದಿತ್ತು. ಹುಟ್ಟಾ ದೊಡ್ಡದಿದ್ದವರೇ ಟ್ಯಾಕ್ಸಿಗೆ ಬಂದರೋ ಏನೋ ಎಂಬ ಅನುಮಾನಕ್ಕೆ 2011ರಲ್ಲಿ ಉತ್ತರ ಸಿಕ್ಕಿತು. ಕಲಿಯಲು ಶುರುಮಾಡಿದ 79 ಜನರಲ್ಲಿ 39 ಮಂದಿ ಪಾಸಾದರು. ಆರಂಭದಲ್ಲಿ ಯಾರಲ್ಲೂ ವ್ಯತ್ಯಾಸವಿರಲಿಲ್ಲ. ವರ್ಷಗಳ ನಂತರ ಬೆಳವಣಿಗೆ ಕಂಡದ್ದು ಪಾಸಾದವರಲ್ಲಿ ಮಾತ್ರ. 2017ರಲ್ಲಿ ಇನ್ನೊಂದು ಪ್ರಯೋಗ: 24 ಜನರಿಗೆ ಲಂಡನ್ನಿನ ಸೋಹೋ ಪ್ರದೇಶದ ಬೀದಿಗಳನ್ನು ಕಲಿಸಿ, ಸ್ಕ್ಯಾನರಿನಲ್ಲಿ ಮಲಗಿಸಿ, ಅದೇ ಬೀದಿಗಳ ಚಿತ್ರದಲ್ಲಿ ದಾರಿ ಹುಡುಕಿಸಿದರು. ತಾವೇ ಹುಡುಕುವಾಗ ಹೊಸ ಬೀದಿಗೆ ಹೊಕ್ಕಾಗಲೆಲ್ಲ ಹಿಪ್ಪೊಕ್ಯಾಂಪಸ್ ಚುರುಕಾಗುತ್ತಿತ್ತು. ಕವಲು ಹೆಚ್ಚಿದ್ದಷ್ಟೂ ಹೆಚ್ಚು. ಯಂತ್ರ ಹೇಳಿದಂತೆ ತಿರುಗುವಾಗ ಆ ಏರಿಳಿತ ಕಾಣಲಿಲ್ಲ.

ಇದನ್ನು ಹಿಡಿದು ‘ಫೋನು ಮಿದುಳು ತಿನ್ನುತ್ತದೆ’ ಎಂದು ವಾಟ್ಸಾಪಿನಲ್ಲಿ ಹರಿಯಬಿಡುವವರಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. 2011ರ ಅದೇ ಅಧ್ಯಯನದಲ್ಲಿ, ಪಾಸಾದ ಚಾಲಕರು ಒಂದು ಜಟಿಲ ರೇಖಾಚಿತ್ರವನ್ನು ಸ್ವಲ್ಪ ಹೊತ್ತಿನ ಮೇಲೆ ನೆನಪಿನಿಂದ ಬರೆಯುವುದರಲ್ಲಿ ಉಳಿದವರಿಗಿಂತ ಹಿಂದೆ ಬಿದ್ದರು ಎಂಬುದೂ ಇದೆ. ತಲೆಯಲ್ಲಿ 25,000 ಬೀದಿ ತುಂಬಿಸಿಕೊಂಡದ್ದಕ್ಕೆ ಅವರೂ ಏನೋ ತೆತ್ತಿದ್ದಾರೆ.

ಈಗ ಎರಡು ಊರಿನ ನೆಲ ನೋಡೋಣ. ಲಂಡನ್ನಿನ ಬೀದಿ ಹೆಸರಿನಲ್ಲಿ ಕ್ರಮವಿಲ್ಲ. ಪೋಸ್ಟ್‌ಕೋಡಿನ ಅಂಕಿ ನಂಬಿದರೆ ಇನ್ನೂ ಕಷ್ಟ: 1917ರಲ್ಲಿ ಅಂಕಿ ಕೊಟ್ಟಾಗ ಪ್ರತಿ ವಲಯದ ಮುಖ್ಯ ಭಾಗಕ್ಕೆ 1 ಕೊಟ್ಟು, ಉಳಿದವನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಹಂಚಿದರು. ಹಾಗಾಗಿ ಆಗ್ನೇಯ ವಲಯದ ಎಸ್‌ಇ1 ನಗರದ ನಡುವೆ ಥೇಮ್ಸ್ ದಂಡೆಯಲ್ಲಿದ್ದರೆ ಎಸ್‌ಇ2 ಎಲ್ಲೋ ಮೂಡಣ ಅಂಚಿನ ಆ್ಯಬಿ ವುಡ್. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹಾಗಲ್ಲ. ಮಲ್ಲೇಶ್ವರದಲ್ಲಿ 8ನೇ ಕ್ರಾಸಿನಲ್ಲಿ ನಿಂತವನಿಗೆ 15ನೇ ಕ್ರಾಸ್ ಬೇಕಿದ್ದರೆ ಸಂಪಿಗೆ ರಸ್ತೆಯಲ್ಲಿ ಬಡಗಣಕ್ಕೆ ಏಳು ಕ್ರಾಸ್. ಬಾಯಿಪಾಠ ಬೇಡ, ಕಳೆಯುವ ಲೆಕ್ಕ ಬಂದರೆ ಸಾಕು. 16 ಕಂಡರೆ ದಾಟಿದಿರಿ. ನಮ್ಮ ತೊಡಕು ಬೇರೆ ಕಡೆಯಿದೆ: ಬಡಾವಣೆ ಬದಲಾದಂತೆ ಎಣಿಕೆ ಮತ್ತೆ ಒಂದರಿಂದ ಶುರು. 5ನೇ ಮೇನ್, 5ನೇ ಕ್ರಾಸ್ ಎಂದಷ್ಟೇ ಫೋನಿಗೆ ಬರೆದರೆ ಅದು ನಿಮ್ಮನ್ನು ಬೇರೆಯದೇ ಬಡಾವಣೆಯ 5ನೇ ಕ್ರಾಸಿಗೆ ಕರೆದೊಯ್ಯಬಹುದು. ಬಡಾವಣೆ, ಬ್ಲಾಕು ಅಥವಾ ಹಂತ, ಮೇನು, ಕ್ರಾಸು ನಾಲ್ಕೂ ಇದ್ದರೆ ಮಾತ್ರ ವಿಳಾಸ ಪೂರ್ತಿ.

ಊರುಗಳ ಕಡೆ ಹೋದರೆ ಇನ್ನೂ ಹಳೆಯ ಜಾಣತನ ಸಿಗುತ್ತದೆ. ಎಡ-ಬಲ ನಮ್ಮ ಮೈಗೆ ಅಂಟಿದ್ದು, ನಾವು ತಿರುಗಿದರೆ ಅದೂ ತಿರುಗುತ್ತದೆ. ಮೂಡಲು-ಪಡುವಲು ನೆಲಕ್ಕೆ ಅಂಟಿದ್ದು. ಕರಾವಳಿಯಲ್ಲಿ ಮೂಡುಬಿದಿರೆ, ಪಡುಬಿದ್ರಿ, ಬಡಗ ಎಡಪದವು, ತೆಂಕ ಎಡಪದವು ಎಂದು ಊರಿನ ಹೆಸರೇ ದಿಕ್ಕು ಹೇಳುತ್ತದೆ; ಯಕ್ಷಗಾನದ ತಿಟ್ಟಿಗೂ ದಿಕ್ಕಿನದೇ ಹೆಸರು. ‘ಪಡುವಣ ಹೊಲ’ ಎಂದು ಆಡುತ್ತ ಬೆಳೆದವನ ತಲೆಯಲ್ಲಿ ಸದಾ ಒಂದು ಸೂಜಿ ಬಡಗಣ ತೋರಿಸುತ್ತಿರುತ್ತದೆ. ಫೋನಿನ ಮ್ಯಾಪು ಮಾಮೂಲಿಗೆ ನಾವು ಹೋಗುವ ದಿಕ್ಕನ್ನೇ ಮೇಲೆ ಮಾಡಿ ತೋರಿಸುತ್ತದೆ, ತಿರುವಿಗೊಮ್ಮೆ ಲೋಕವೇ ತಿರುಗುತ್ತದೆ. ಬಡಗಣ ಎಲ್ಲಿದೆ ಎಂದು ಕೇಳಿದರೆ ಅರ್ಧ ಗಂಟೆ ಓಡಿಸಿದವರಿಗೂ ಗೊತ್ತಿರುವುದಿಲ್ಲ.

ಲಂಡನ್ನಿಗೆ ಬಂದ ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ, ಬಹಳ ಜನ ಗಮನಿಸುವುದಿಲ್ಲ. ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ, ಮೇ-ಜೂನ್-ಜುಲೈನಲ್ಲಿ ತುಸು ಬಡಗಣಕ್ಕೆ ವಾಲಿರುತ್ತಾನೆ. ದಿಕ್ಕು ತಿಳಿಯಲು ನಡುಹಗಲು ಕೆಲಸಕ್ಕೆ ಬಾರದು. ಲಂಡನ್ನಿನಲ್ಲಿ ನಡುಹಗಲ ಸೂರ್ಯ ವರ್ಷವಿಡೀ ತೆಂಕಣಕ್ಕೇ. ಡಿಸೆಂಬರಿನಲ್ಲಿ ಬರೀ 15 ಡಿಗ್ರಿ ಎತ್ತರದಲ್ಲಿ ತೆವಳುತ್ತಾನೆ, ಕಂಡರೆ ಪುಣ್ಯ. ಬೇಸಿಗೆಯಲ್ಲಿ ಗಡಿಯಾರ ಒಂದು ತಾಸು ಮುಂದಿಟ್ಟಿರುವುದರಿಂದ ಮಧ್ಯಾಹ್ನ ಒಂದಕ್ಕೆ ನೋಡಬೇಕು. ಮೋಡವಿದ್ದರೆ ಗೋಡೆಯ ಡಿಶ್ ಆಂಟೆನಾ ನೋಡಿ, ಸಾಮಾನ್ಯವಾಗಿ ಆಗ್ನೇಯಕ್ಕೆ ಮುಖ ಮಾಡಿರುತ್ತದೆ. ನಮ್ಮ ಗುಡಿಯ ಬಾಗಿಲು ಹೆಚ್ಚಾಗಿ ಮೂಡಣಕ್ಕಿದ್ದ ಹಾಗೆ ಹಳೆಯ ಚರ್ಚಿನ ಪೂಜಾವೇದಿಕೆ ಮೂಡಣ ತುದಿಯಲ್ಲಿರುತ್ತದೆ. ನದಿಯನ್ನು ಮಾತ್ರ ನಂಬಬೇಡಿ. ಥೇಮ್ಸ್ ಪಡುವಣದಿಂದ ಮೂಡಣಕ್ಕೆ ಹರಿಯುತ್ತದೆ ಎಂದುಕೊಂಡವರು ವೆಸ್ಟ್‌ಮಿನ್‌ಸ್ಟರ್ ಬಳಿ ಮೋಸ ಹೋಗುತ್ತಾರೆ. ಅಲ್ಲಿ ಅದು ಬಡಗಣಕ್ಕೆ ಹರಿಯುತ್ತದೆ, ‘ದಕ್ಷಿಣ ದಂಡೆ’ ಎನಿಸಿಕೊಂಡದ್ದು ನಿಜಕ್ಕೂ ಮೂಡಣದಲ್ಲಿರುತ್ತದೆ.

ನಮ್ಮ ಕಡೆಯ ಪದ್ಧತಿಯನ್ನು ಹೊಗಳಿದ್ದು ಸಾಕು. ದಾರಿ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನಮ್ಮವರಿಗೆ ನಾಲಿಗೆ ಬರುವುದಿಲ್ಲ. ‘ಸ್ಟ್ರೈಟ್ ಹೋಗಿ’ ಎನ್ನುವುದು ಎಷ್ಟೋ ಸಲ ಸೌಜನ್ಯವಷ್ಟೇ, ಮಾಹಿತಿಯಲ್ಲ. ‘ಇಲ್ಲೇ ಐದು ನಿಮಿಷ’ ಅನ್ನುವುದು ಹಿಂದಿನ ‘ಕೂಗಳತೆ’ಯ ಹಾಗೆ ಹಿಗ್ಗುತ್ತದೆ. ರಾತ್ರಿ ಹತ್ತಕ್ಕೆ ಒಬ್ಬಳೇ ಇರುವ ಹೆಣ್ಣುಮಗಳು ಅಪರಿಚಿತರನ್ನು ಕೇಳದೆ ಮನೆ ಸೇರಬಹುದೆಂದರೆ, ಅದು ಫೋನಿನ ಉಪಕಾರ. ನಿನ್ನೆ ಬಂದು ಇವತ್ತು ಪಾರ್ಸಲ್ ಹಂಚುವ ಹುಡುಗನಿಗೆ ಮೂರು ವರ್ಷ ಮೊಪೆಡ್ ಸುತ್ತು ಎಂದು ಹೇಳಲಾಗದು.

ನನ್ನ ತಕರಾರು ಇರುವುದು ‘ಲೊಕೇಷನ್ ಕಳಿಸಿ’ ಎಂಬ ಎರಡು ಪದದ ಬಗ್ಗೆ. ಈಗ ಮನೆಯವರೂ ತಮ್ಮ ಮನೆಯ ದಾರಿ ಹೇಳುವುದಿಲ್ಲ. ಪಿನ್ನು ಬಿದ್ದದ್ದು ಅಪಾರ್ಟ್‌ಮೆಂಟಿನ ಜಾಗದ ನಡುವೆ. ಯಂತ್ರ ಆ ಬಿಂದುವಿಗೆ ಹತ್ತಿರದ ರಸ್ತೆ ಹುಡುಕುತ್ತದೆ, ಅದು ಹಿಂದಿನ ಕಾಂಪೌಂಡ್ ಗೋಡೆಯ ಆಚೆಯ ಓಣಿಯಾಗಿರುತ್ತದೆ. ಬಂದವರು ಗೋಡೆ ನೋಡುತ್ತ ನಿಂತು ಫೋನು ಮಾಡುತ್ತಾರೆ. ಮೇಲ್ಸೇತುವೆಯಲ್ಲೂ ಇದೇ ಪಾಡು: ಬಯಲಿನಲ್ಲಿ ನಾಲ್ಕೈದು ಮೀಟರಿನಷ್ಟು ಕರಾರುವಾಕ್ಕಾಗಿರುವ ಜಿಪಿಎಸ್‌ಗೂ ನೀವು ಸೇತುವೆಯ ಮೇಲಿದ್ದೀರೋ ಕೆಳಗಿನ ಸರ್ವಿಸ್ ರಸ್ತೆಯಲ್ಲಿದ್ದೀರೋ ಗೊತ್ತಾಗುವುದು ಕಷ್ಟ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ನೀಲಿ ಚುಕ್ಕೆ ಪಕ್ಕದ ಬೀದಿಗೆ ಹಾರುತ್ತದೆ. ಹೊರಡುವ ಮುಂಚೆ ಯೋಚಿಸಿದವನಿಗೆ ಇದು ಸಣ್ಣ ಕಿರಿಕಿರಿ, ಯೋಚಿಸದವನು ನಡುರಸ್ತೆಯಲ್ಲಿ ಸಿಕ್ಕಿಬೀಳುತ್ತಾನೆ.

ಫೋನನ್ನು ಬಿಡದೆಯೇ ಆ ಯೋಚನೆಯನ್ನು ಉಳಿಸಿಕೊಳ್ಳಬಹುದು, ಎರಡು ನಿಮಿಷದ ಕೆಲಸ. ಗೂಗಲ್ ಮ್ಯಾಪ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಷನ್ ಭಾಗದೊಳಗೆ ಉತ್ತರವನ್ನು ಸದಾ ಮೇಲಿಡುವ ಆಯ್ಕೆಯಿದೆ, ಅದನ್ನು ಹಾಕಿಕೊಳ್ಳಿ. ಮೊದಮೊದಲು ತೆಂಕಣಕ್ಕೆ ಹೋಗುವಾಗ ಎಡ-ಬಲ ಅದಲುಬದಲಾಗಿ ತಲೆ ಕೆಡುತ್ತದೆ; ಫೋನನ್ನೇ ತಿರುಗಿಸಿ ಹಿಡಿದರೆ ಲಾಭವಿಲ್ಲ, ‘ಇಲ್ಲಿ ಮೂಡಣಕ್ಕೆ’ ಎಂದುಕೊಳ್ಳುವುದು ರೂಢಿಯಾಗಬೇಕು. ಹೊರಡುವ ಮೊದಲು ಪೂರ್ತಿ ದಾರಿಯನ್ನು ಒಮ್ಮೆ ನೋಡಿ, ದಾಟಲೇಬೇಕಾದ ಗೆರೆ ಯಾವುದು ಕೇಳಿಕೊಳ್ಳಿ: ನದಿಯೋ, ರೈಲು ಹಳಿಯೋ, ರಿಂಗ್ ರಸ್ತೆಯೋ. ಅದನ್ನು ಎಲ್ಲಿ ದಾಟುತ್ತೀರಿ ಎಂಬುದು ಗೊತ್ತಾದರೆ ಅರ್ಧ ದಾರಿ ಗೊತ್ತಾದ ಹಾಗೆ. ಮೂರು ಹೆಗ್ಗುರುತು ಸಾಕು, ಜೊತೆಗೆ ‘ದಾಟಿ ಬಂದ್ರಿ’ ಎಂದು ಹೇಳುವ ನಾಲ್ಕನೆಯದೊಂದು. ಗುರುತು ಮಾಡಿಕೊಳ್ಳುವಾಗ ಅಂಗಡಿಯ ಬೋರ್ಡು ಬೇಡ, ಬೋರ್ಡು ಬದಲಾಗುತ್ತದೆ. ಸೇತುವೆ, ಗುಡಿ, ಚರ್ಚು, ನೀರಿನ ಟ್ಯಾಂಕು ನಿಲ್ಲುತ್ತವೆ. ದನಿ ಮುಚ್ಚಿ ಫೋನು ಜೇಬಿಗೆ ಹಾಕಿ. ಬರುವಾಗ ಅದನ್ನು ತೆಗೆಯಲೇಬೇಡಿ, ಆದರೆ ಹೋಗುವಾಗಲೇ ಒಂದೆರಡು ಸಲ ಹಿಂತಿರುಗಿ ನೋಡಿರಬೇಕು. ಎದುರಿನಿಂದ ಬಂದರೆ ಅದೇ ಬೀದಿ ಬೇರೆಯಾಗಿ ಕಾಣುತ್ತದೆ.

ಮನೆಗೆ ಯಾರಾದರೂ ಬರುವುದಿದ್ದರೆ ಪಿನ್ನು ಕಳಿಸಿ, ಬೇಡವೆನ್ನುವುದಿಲ್ಲ. ಕೆಳಗೆ ಒಂದು ಸಾಲು ಸೇರಿಸಿ: ಗೇಟು ಯಾವ ರಸ್ತೆಗಿದೆ, ಏನು ಕಂಡರೆ ದಾಟಿ ಬಂದ ಹಾಗೆ. ಲಂಡನ್ನಿನ ಬೀದಿಯಾದರೆ ಇನ್ನೂ ಸುಲಭ, ಮನೆ ನಂಬರು ಸಾಮಾನ್ಯವಾಗಿ ಒಂದು ಪಕ್ಕ ಬೆಸ, ಇನ್ನೊಂದು ಪಕ್ಕ ಸಮ, “ನಮ್ಮದು 42, ಬಲಗಡೆ. 50 ಕಂಡರೆ ಹಿಂದೆ ಬನ್ನಿ.”