ಮುಖ ನೋಡಿ ಮಣೆ: ಚುನಾವಣಾ ಸುಧಾರಣೆಯ ಕರಡು

ಪ್ರಣಾಳಿಕೆ ಅಚ್ಚು ಹಾಕಿಸುವ ಖರ್ಚನ್ನು ಇನ್ನಾದರೂ ಉಳಿಸಬಹುದು. ಅದನ್ನು ಪೂರ್ತಿ ಓದುವವರು ಇಬ್ಬರೇ: ಬರೆದವನು ಮತ್ತು ಕರಡು ತಿದ್ದಿದವನು. ಮಿಕ್ಕವರು ಹೊದಿಕೆಯ ಮೇಲಿನ ಮುಖ ನೋಡಿ ಮಣೆ ಹಾಕುವವರು. 2005ರಲ್ಲಿ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ತೊದೊರೊವ್ ಮತ್ತು ಸಂಗಡಿಗರು ಅಮೆರಿಕದ ಸೆನೆಟ್ ಚುನಾವಣೆಗಳಲ್ಲಿ ಗೆದ್ದವರ, ಸೋತವರ ಚಿತ್ರಗಳನ್ನು ಜೋಡಿಯಾಗಿ ತೋರಿಸಿ, ‘ಇವರಲ್ಲಿ ಸಮರ್ಥರಂತೆ ಕಾಣುವವರು ಯಾರು?’ ಎಂದಷ್ಟೇ ಕೇಳಿದರು. ಸುಮಾರು ಶೇ. 70ರಷ್ಟು ಸ್ಪರ್ಧೆಗಳಲ್ಲಿ ಬೊಟ್ಟು ಗೆದ್ದವರ ಕಡೆಗೇ ತಿರುಗಿತ್ತು. ಪಕ್ಷ ಯಾವುದು, ಹೆಸರೇನು ಎಂದು ಯಾರೂ ಹೇಳಿರಲಿಲ್ಲ.

ಹಾಗಿದ್ದ ಮೇಲೆ ಸುತ್ತುಬಳಸು ಯಾಕೆ? ಮತಗಟ್ಟೆಗೆ ಬೇಕಾದದ್ದು ಒಂದು ಪರದೆ, ಒಂದೇ ಅಳತೆಯ ಎರಡು ಕಪ್ಪುಬಿಳುಪು ಚಿತ್ರ, ಎರಡು ಗುಂಡಿ. ಹಿನ್ನೆಲೆ ಖಾಲಿಯಿರಲಿ, ಇಲ್ಲದಿದ್ದರೆ ಬೆನ್ನ ಹಿಂದೆ ಪುಸ್ತಕದ ಕಪಾಟು ಇಟ್ಟುಕೊಂಡವನು ಗೋಡೆಯ ಪಾಲಿನ ಮತವನ್ನೂ ಬಾಚಿಕೊಳ್ಳುತ್ತಾನೆ. ಚಿತ್ರ 100 ಮಿಲಿಸೆಕೆಂಡ್ ಮಿಂಚಿ ಮರೆಯಾಗಬೇಕು. ಆ ಹೊತ್ತಿಗೆ ಕಣ್ಣು ಮಿಟುಕಿಸಿದಿರೋ, ಐದು ವರ್ಷದ ಸರ್ಕಾರ ಕೈತಪ್ಪಿತು. 2007ರ ಪ್ರಯೋಗದಲ್ಲಿ ಅಮೆರಿಕದ ಗವರ್ನರ್ ಚುನಾವಣೆಗಳ ಅಭ್ಯರ್ಥಿಗಳ ಮುಖಗಳನ್ನು ತೋರಿಸಿದಾಗ, ಗೆದ್ದವರನ್ನು ಊಹಿಸಲು ಇಷ್ಟೇ ಸಮಯ ಸಾಕಾಗಿತ್ತು. ‘ಚೆನ್ನಾಗಿ ಯೋಚಿಸಿ ಹೇಳಿ’ ಅಂದಾಗ ಊಹೆ ಕೆಟ್ಟಿತು. ಆದ್ದರಿಂದ ಸಾಲಿನಲ್ಲಿ ಹುಬ್ಬು ಗಂಟಿಕ್ಕಿ ನಿಂತವರನ್ನು ಸಿಬ್ಬಂದಿ ಮೆಲ್ಲನೆ ಹೊರಗೆ ಕರೆದೊಯ್ಯತಕ್ಕದ್ದು. ಅಭ್ಯರ್ಥಿಯ ಗುರುತು ಹತ್ತಿದವರೂ ಅನರ್ಹರು: ಪ್ರಯೋಗದಲ್ಲೂ ಪರಿಚಿತ ಮುಖಗಳ ಬಗೆಗಿನ ಉತ್ತರಗಳನ್ನು ಕೈಬಿಟ್ಟಿದ್ದರು.

ಮತದಾನದ ವಯಸ್ಸು 5. ಇದಕ್ಕೂ ಆಧಾರವುಂಟು. ಸ್ವಿಟ್ಜರ್ಲೆಂಡಿನ 5ರಿಂದ 13 ವರ್ಷದ ಮಕ್ಕಳಿಗೆ ಆಂಟೊನಾಕಿಸ್ ಮತ್ತು ಡಾಲ್ಗಾಸ್ ಎಂಬ ಸಂಶೋಧಕರು ಫ್ರಾನ್ಸಿನ ಸಂಸತ್ ಅಭ್ಯರ್ಥಿಗಳ ಚಿತ್ರ ಕೊಟ್ಟು, ‘ನಿಮ್ಮ ಹಡಗಿಗೆ ಯಾರು ಕ್ಯಾಪ್ಟನ್?’ ಎಂದರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಗೆದ್ದವರನ್ನು ಆರಿಸುವ ಮಕ್ಕಳ ಜಾಣ್ಮೆಯೂ ದೊಡ್ಡವರ ಜಾಣ್ಮೆಯೂ ಸರಿಸಮ. ಶಿಶುವಿಹಾರದಲ್ಲೇ ಮತಗಟ್ಟೆ ಇಟ್ಟರೆ ಮಧ್ಯಾಹ್ನದ ನಿದ್ದೆಗೆ ಮೊದಲೇ ಎಣಿಕೆ ಮುಗಿಯುತ್ತದೆ.

ಅಭ್ಯರ್ಥಿಗಳಿಗೊಂದು ಮಾತು. ಬರೀ ಚೆಲುವು ಸಾಲದು. ದುಂಡು ಕೆನ್ನೆ, ದೊಡ್ಡ ಕಣ್ಣಿನ ಹಸುಳೆ ಮುಖಕ್ಕೆ ‘ಪಾಪ, ಒಳ್ಳೆಯವನು’ ಎಂಬ ಬಿರುದು ಸಿಗುತ್ತದೆ, ಕುರ್ಚಿ ಸಿಗುವುದು ಕಷ್ಟ. ದವಡೆ ಚೌಕವಿರಲಿ, ಯುದ್ಧದ ಮಾತು ಎದ್ದಾಗ ಇನ್ನೂ ಗಟ್ಟಿಯಿರಲಿ. ದನಿಯ ಶ್ರುತಿ ಕೆಳಗಿಳಿಸಿ. ಒಂದೇ ವಾಕ್ಯವನ್ನು ಏರುಶ್ರುತಿಯಲ್ಲೂ ತಗ್ಗುಶ್ರುತಿಯಲ್ಲೂ ಕೇಳಿಸಿದ 2012ರ ಪ್ರಯೋಗದಲ್ಲಿ ಮತ ಬಿದ್ದದ್ದು ತಗ್ಗುಶ್ರುತಿಗೆ. ವಾಕ್ಯದಲ್ಲಿ ಇದ್ದದ್ದು ‘ನನಗೆ ಮತ ಕೊಡಿ’ ಅಷ್ಟೇ. ಅದಕ್ಕಿಂತ ಹೆಚ್ಚಿನ ಭಾಷಣ ದಂಡ.

ಎಡವಟ್ಟಾಗುವುದು ಹೇಗೆ? 1960ರ ಸೆಪ್ಟೆಂಬರ್ 26ರಂದು ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗಳ ಟಿವಿ ಚರ್ಚೆಗೆ, ಕೆನಡಿಯ ಎದುರಾಳಿ ನಿಕ್ಸನ್ ಬಂದದ್ದು ಮೊಣಕಾಲಿನ ಸೋಂಕಿಗೆ ಆಸ್ಪತ್ರೆವಾಸ ಮಾಡಿ, ಸೊರಗಿ. ಬೂದು ಸೂಟು ಬೂದು ಹಿನ್ನೆಲೆಯಲ್ಲಿ ಕರಗಿತು. ಮೇಕಪ್ ಒಲ್ಲೆನೆಂದು ಗಡ್ಡದ ನೆರಳಿನ ಮೇಲೆ ಪುಡಿ ಬಳಿಸಿಕೊಂಡರು. ದೀಪದ ಝಳಕ್ಕೆ ಬೆವರು ಇಳಿಯಿತು. (ರೇಡಿಯೊ ಕೇಳಿದವರು ನಿಕ್ಸನ್ನೇ ಗೆದ್ದರೆಂದರಂತೆ. ಆ ಕತೆಯ ಆಧಾರ ಬಡಕಲು. ಆದರೆ ಕತೆಯ ರೂಪ ಚೆನ್ನಾಗಿದೆ, ಹಾಗಾಗಿ ಪ್ರತಿ ಸಲವೂ ಗೆಲ್ಲುತ್ತದೆ.) ಕಿರಿಕಿರಿಯೆಂದರೆ, ಅದೇ ಮುಖ 1972ರಲ್ಲಿ 50ರಲ್ಲಿ 49 ರಾಜ್ಯ ಗೆದ್ದಿತು. ಆ ಪುಟವನ್ನು ಕರಡಿನಿಂದ ಕಿತ್ತುಹಾಕಲಾಗಿದೆ. ಪಕ್ಷಗಳು ಗೆಲ್ಲಬಹುದಾದ ಕಡೆಗೇ ಒಳ್ಳೆಯ ಮುಖ ಕಳಿಸುತ್ತವೆ, ಹಾಗಾಗಿ ಆ ಶೇ. 70ರಲ್ಲಿ ಟಿಕೆಟ್ ಹಂಚುವವರ ಲೆಕ್ಕಾಚಾರವೂ ಸೇರಿದೆ ಎನ್ನುವವರ ಪುಟವೂ ಅದರ ಜತೆಗೇ ಹೋಯಿತು.

ಮಾದರಿ ಚಿತ್ರವಾಗಿ ಅಮೆರಿಕದ ಅಧ್ಯಕ್ಷರಾಗಿದ್ದ ವಾರನ್ ಹಾರ್ಡಿಂಗ್ ಅವರದನ್ನು ಲಗತ್ತಿಸಿದೆ. ಬೆಳ್ಳಿಗೂದಲು, ದಟ್ಟ ಹುಬ್ಬು. 1920ರಲ್ಲಿ ಸುಮಾರು ಶೇ. 60ರಷ್ಟು ಮತ. ಅವರ ಸಂಪುಟದ ಆಲ್ಬರ್ಟ್ ಫಾಲ್ ಸರ್ಕಾರಿ ತೈಲನಿಕ್ಷೇಪಗಳ ಗುತ್ತಿಗೆಯಲ್ಲಿ ಲಂಚ ತಿಂದು ಮುಂದೆ ಜೈಲು ಸೇರಿದರು. ಹಾರ್ಡಿಂಗ್ ಅವರ ಭಾವಚಿತ್ರದಲ್ಲಿ ಮಾತ್ರ ಇವತ್ತಿಗೂ ಒಂದು ಕಲೆಯಿಲ್ಲ.